ಹತ್ತು ಚೀಲ, ಒಂಬತ್ತು ಎಣಿಕೆ

ನನ್ನ ಕೈಗೆ ಬಂದಾಗ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಆ ಸ್ಕ್ರಿಪ್ಟ್‌ನಲ್ಲಿ ನೂರಾ ಹನ್ನೆರಡು ಸಾಲುಗಳಿದ್ದವು. ನಾನು ಅದನ್ನು ಮೂವತ್ತನಾಲ್ಕಕ್ಕೆ ಇಳಿಸಿದೆ. ಇಳಿಸಿದ್ದಷ್ಟೇ ಅಲ್ಲ, ಸಹೋದ್ಯೋಗಿಯೊಬ್ಬರನ್ನು ಕರೆದು, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸಿ ಬೆನ್ನು ತಟ್ಟಿಸಿಕೊಂಡೆ. ಆ ಹೆಮ್ಮೆ ಸರಿಯಾಗಿ ಹನ್ನೊಂದು ದಿನ ಬಾಳಿತು.

ಅದನ್ನು ಬರೆದವರು ನನ್ನ ಭಾನುವಾರದ ತರಗತಿಗೆ ಬರುತ್ತಿದ್ದ ಒಬ್ಬ ಗುಮಾಸ್ತರು. ದಾವಣಗೆರೆಯ ಕಾಲೇಜೊಂದರಲ್ಲಿ ವಾರವಿಡೀ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಭಾನುವಾರ ಬೆಳಿಗ್ಗೆ ಅದೇ ಲ್ಯಾಬಿನಲ್ಲಿ ದುಡಿಯುವವರಿಗೆ ಪೈಥಾನ್. ಇವರದು ಭಾನುವಳ್ಳಿ. ಹರಿಹರದ ಹತ್ತಿರ ರೈತರೇ ಸೇರಿ ಕಟ್ಟಿಕೊಂಡ ಕಂಪನಿಯ ಭತ್ತದ ಗೋದಾಮಿನಲ್ಲಿ ಕೆಲಸ. ಇಪ್ಪತ್ತು ವರ್ಷ ಹಮಾಲಿ ಮಾಡಿ, ಬೆನ್ನು ಕೈಕೊಟ್ಟ ಮೇಲೆ ತೇವಾಂಶ ನೋಡುವ ಮೇಜಿಗೆ ಬಂದವರು. ವಯಸ್ಸಿನಲ್ಲಿ ನನಗಿಂತ ಆರೇಳು ವರ್ಷ ದೊಡ್ಡವರು. ಮೊದಲ ಸಾಲಿನಲ್ಲೇ ಕೂರುತ್ತಿದ್ದರು, ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು, ಒಮ್ಮೆ ಒತ್ತಿದ ಅಕ್ಷರವನ್ನು ಅಳಿಸುವ ಪ್ರಮೇಯ ಅವರಿಗೆ ಬರುತ್ತಲೇ ಇರಲಿಲ್ಲ.

ಅವರ ಕೆಲಸ ಹೀಗಿತ್ತು. ಒಬ್ಬ ರೈತನ ಭತ್ತ ಬಂದು ಇಳಿಯುತ್ತಿದ್ದಂತೆ ಅದರಲ್ಲಿ ಹತ್ತು ಚೀಲ ಆರಿಸಿ, ಕೊಳವೆ ಚುಚ್ಚಿ ಕಾಳು ತೆಗೆದು, ಒಂದೊಂದನ್ನೂ ತೇವಾಂಶದ ಮೀಟರಿಗೆ ಹಾಕಬೇಕು. ಹತ್ತು ಅಂಕಿಗಳ ಸರಾಸರಿ ಶೇಕಡಾ ಹದಿನೇಳು ದಾಟಿದರೆ ಭತ್ತ ವಾಪಸ್. ಹತ್ತು ಚೀಲದ ಸರಾಸರಿ ಎಂಬ ಈ ನಿಯಮವನ್ನು ಗೇಟಿನ ಗೋಡೆಯ ಮೇಲೆಯೇ ಬರೆಸಿದ್ದರು. ಮೊದಲು ಕ್ಯಾಲ್ಕುಲೇಟರ್ ಒತ್ತುತ್ತಿದ್ದ ಗುಮಾಸ್ತರು, ಅಂಕಿಗಳನ್ನು ಮೊಬೈಲಿನ ಶೀಟಿನಲ್ಲಿ ತುಂಬಿ, ಫೈಲನ್ನು ಆಫೀಸಿನ ಕಂಪ್ಯೂಟರಿಗೆ ಹಾಕಿ, ತಾವೇ ಬರೆದ ಸ್ಕ್ರಿಪ್ಟಿನಿಂದ ಲೆಕ್ಕ ತೆಗೆಯತೊಡಗಿದ್ದರು. ಸರಾಸರಿ, ಮಧ್ಯಕ, ಎಷ್ಟು ಏರಿಳಿತವಿದೆ ಎಂದು ಹೇಳುವ ವಿಚಲನೆ, ಮೂರೂ ಅದರಲ್ಲಿ ಬರುತ್ತಿದ್ದವು.

"ಮೇಡಂ, ಸುಮ್ನೆ ಒಂದ್ಸಲ ಕಣ್ಣಾಡಿಸ್ರಿ. ನಡೀತೈತೆ, ಆದ್ರೆ ಹೆಂಗ ನಡೀತೈತೆ ಅಂತ ನನಗೇ ಗೊತ್ತಿಲ್ಲ" ಎಂದು ಒಂದು ಭಾನುವಾರ ಪೆನ್‌ಡ್ರೈವ್ ಕೊಟ್ಟರು.

ನೋಡಿದೆ. ಒಂದೂ ಫಂಕ್ಷನ್ ಇಲ್ಲ. ಸರಾಸರಿಗೆ ಬರೆದ ಸಾಲುಗಳನ್ನೇ ಕಾಪಿ ಮಾಡಿ ವಿಚಲನೆಗೂ ಅಂಟಿಸಿದ್ದರು. ಮಧ್ಯಕಕ್ಕೆ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿಯೇ ಇರಲಿಲ್ಲ. ಪಟ್ಟಿಯ ನಟ್ಟನಡುವೆ ಏನು ಸಿಕ್ಕಿತೋ ಅದೇ ಮಧ್ಯಕ. ಇನ್ನು ಭಾಗಿಸುವ ಕಡೆಯಲ್ಲೆಲ್ಲ ನೇರವಾಗಿ 10 ಎಂದು ಬರೆದುಬಿಟ್ಟಿದ್ದರು.

"ಇದೇನ್ರಿ, ಎಲ್ಲಾ ಕಡೆ ಹತ್ತು? ನಾಳೆ ಹನ್ನೆರಡು ಚೀಲ ನೋಡಿದ್ರೆ ಏನ್ ಮಾಡ್ತೀರಿ?" ಎಂದು ಕೇಳಿದೆ.

"ಹನ್ನೆರಡು ನೋಡಲ್ರಿ ಮೇಡಂ. ನಮ್ಮಲ್ಲಿ ಯಾವತ್ತೂ ಹತ್ತೇ."

ಹೊಸದಾಗಿ ಕಲಿಯುವವರೆಲ್ಲ ಹೀಗೇ ಹೇಳುತ್ತಾರೆ ಎಂದುಕೊಂಡು ನಕ್ಕೆ. ಬೇರೆಯವರ ಕೋಡ್ ತಿದ್ದುವಾಗ ನನಗೆ ಮನೆ ಗುಡಿಸುವಾಗಿನ ಹುರುಪು ಬರುತ್ತದೆ. ಏನು ಕಸ, ಏನು ಕಸವಲ್ಲ ಎಂದು ಮನೆಯವರನ್ನು ಕೇಳುವ ವ್ಯವಧಾನ ಇರುವುದಿಲ್ಲ. ಪೈಥಾನಿನಲ್ಲೇ ಇರುವ ಸಂಖ್ಯಾಶಾಸ್ತ್ರದ ಮಾಡ್ಯೂಲ್ ತಂದು ಸರಾಸರಿ, ಮಧ್ಯಕ, ವಿಚಲನೆಯನ್ನು ಅದಕ್ಕೆ ಒಪ್ಪಿಸಿದೆ. ಹತ್ತು ಎಂದಿದ್ದ ಕಡೆ, ಎಷ್ಟು ಅಂಕಿ ಓದಿದೆಯೋ ಅಷ್ಟು ಎಂದು ಬದಲಿಸಿದೆ. ಅವರ ಫೈಲಿನಲ್ಲಿ ಎರಡು ಕಾಲಂ: ಚೀಲದ ಸಂಖ್ಯೆ, ಮೀಟರಿನ ಅಂಕಿ. ನಡುನಡುವೆ ರೈತರ ಹೆಸರು, ಊರು, ತಲೆಬರಹ, ಖಾಲಿ ಸಾಲು. ಅವನ್ನು ದಾಟಲು ಅವರು ಐದಾರು ಷರತ್ತು ಬರೆದಿದ್ದರು. ನಾನು ಅದಷ್ಟನ್ನೂ ಕಿತ್ತು ಒಂದೇ ನಿಯಮ ಇಟ್ಟೆ: ಮೊದಲ ಕಾಲಂನಲ್ಲಿ ಅಂಕಿ ಇದ್ದರೆ ಆ ಸಾಲು ಓದು, ಇಲ್ಲದಿದ್ದರೆ ಸದ್ದಿಲ್ಲದೆ ಮುಂದೆ ಹೋಗು.

ಪರೀಕ್ಷೆಗೆ ನಾನೇ ಒಂದು ಪುಟ್ಟ ಫೈಲ್ ತಯಾರಿಸಿದೆ. ಚೀಲ 1, ಚೀಲ 2, ಹೀಗೆ ಹತ್ತರವರೆಗೆ. ಕೈಲೆಕ್ಕಕ್ಕೂ ಸ್ಕ್ರಿಪ್ಟಿಗೂ ಕೂದಲೆಳೆಯ ವ್ಯತ್ಯಾಸವೂ ಬರಲಿಲ್ಲ. ಅವರ ನಿಜವಾದ ಫೈಲನ್ನೂ ಓಡಿಸಿದೆ. ಅಚ್ಚುಕಟ್ಟಾಗಿ ಕೋಷ್ಟಕ ಬಂತು. ಚೆಂದ ಕಂಡದ್ದು ಸರಿಯೇ ಇರಬೇಕು ಎಂದುಕೊಂಡು ಮುಚ್ಚಿದೆ.

ಮುಂದಿನ ಭಾನುವಾರ ಅದನ್ನು ಅವರಿಗೆ ವಿವರಿಸುತ್ತ, ವಿಚಲನೆಯ ಹತ್ತಿರ ನಿಂತೆ. ಇಲ್ಲಿ ಹತ್ತರಿಂದ ಭಾಗಿಸಬಾರದು, ಒಂಬತ್ತರಿಂದ ಭಾಗಿಸಬೇಕು ಎಂದೆ. ಯಾಕೆ ಎಂದರು. ಅನ್ನ ಬೆಂದಿದೆಯೇ ಅಂತ ಒಂದಗುಳು ಹಿಚುಕಿ ನೋಡುತ್ತೇವೆ, ಸರಿ. ಆದರೆ ಅಗುಳು ನೋಡಿ ಇಡೀ ಪಾತ್ರೆಯ ಬಗ್ಗೆ ಮಾತಾಡುವಾಗ ಒಂಚೂರು ಅಳುಕಿರಬೇಕು, ಆ ಅಳುಕಿಗೆಂದು ಒಂದನ್ನು ಕಳೆಯುತ್ತೇವೆ ಎಂದು ನನಗೆ ತಿಳಿದಷ್ಟು ಸರಳವಾಗಿ ಹೇಳಿದೆ. ಅವರು ನೋಟ್‌ಬುಕ್ಕಿನಲ್ಲಿ "ಹತ್ತಿದ್ದರೆ ಒಂಬತ್ತು" ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಹನ್ನೊಂದನೆಯ ದಿನ, ಗುರುವಾರ ಮಧ್ಯಾಹ್ನ, ಅವರ ಫೋನು ಬಂತು.

"ಮೇಡಂ, ಬಿಡುವಾಗಿದೀರೇನ್ರಿ? ಒಂದು ಕೇಳ್ಬೇಕಿತ್ತು. ಸರಾಸರಿ ಅನ್ನೋದು ಕೈಲಿ ಮಾಡಿದ್ರೆ ಒಂದು, ಕಂಪ್ಯೂಟರ್‌ನಾಗ ಮಾಡಿದ್ರೆ ಒಂದು ಬರ್ತೈತೇನ್ರಿ?"

"ಛೆ, ಎಲ್ಲಾದ್ರೂ ಉಂಟಾ? ಯಾರೋ ಕ್ಯಾಲ್ಕುಲೇಟರ್‌ನಲ್ಲಿ ತಪ್ಪು ಒತ್ತಿರಬೇಕು."

"ನಾನೂ ಹಂಗೇ ಅಂದೆ ರೀ" ಎಂದರು. ಆಮೇಲೆ ನಿಧಾನಕ್ಕೆ ವಿಷಯ ಬಿಚ್ಚಿದರು. ಸಾರಥಿ ಎಂಬ ಊರಿನ ಒಬ್ಬ ಹೆಣ್ಣುಮಗಳು, ಅರವತ್ತು ದಾಟಿದವರು, ತಾವೇ ಬೇಸಾಯ ಮಾಡಿಸುವವರು, ಸೋಮವಾರ ಭತ್ತ ತಂದಿದ್ದರು. ಸ್ಕ್ರಿಪ್ಟು 17.10 ಎಂದು ಹೇಳಿತು. ಭತ್ತ ವಾಪಸಾಯಿತು. ಆಕೆ ಜಗಳವಾಡದೆ ಹತ್ತೂ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿ, ಊರಿನ ಅಂಗಡಿಯಲ್ಲಿ ಲೆಕ್ಕ ಹಾಕಿಸಿದ್ದರು. ಅಲ್ಲಿ ಹದಿನೇಳರ ಒಳಗೇ ಬಂತು. ಅದೇ ಚೀಟಿ ಹಿಡಿದು ಕಂಪನಿಯ ಅಧ್ಯಕ್ಷರ ಮನೆಗೆ ಹೋಗಿದ್ದರು. ಕಂಪ್ಯೂಟರ್ ಬಂದ ಮೇಲೆ ನಮ್ಮ ಭತ್ತಕ್ಕೆಲ್ಲ ನೀರು ಬಂತು ಎಂದು, ಭತ್ತ ವಾಪಸಾಗಿದ್ದ ಇನ್ನಿಬ್ಬರೂ ದನಿಗೂಡಿಸಿದ್ದರು.

ಚೀಟಿಯ ಅಂಕಿಗಳನ್ನು ಹೇಳಿ ಎಂದೆ. ಬರೆದುಕೊಂಡೆ: 15.2, 17.3, 16.9, 17.4, 16.8, 17.2, 17.1, 16.9, 17.3, 17.0. ಅವನ್ನೇ ನೇರವಾಗಿ ನನ್ನ ಸ್ಕ್ರಿಪ್ಟಿಗೆ ಕೊಟ್ಟೆ. 16.91 ಬಂತು.

ಆಗ ನನಗಾದದ್ದು ಸಮಾಧಾನ. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಸ್ಕ್ರಿಪ್ಟು ಸರಿ ಇದೆ, ಇವರೇ ಫೈಲಿನಲ್ಲಿ ಏನೋ ತಪ್ಪು ಒತ್ತಿದ್ದಾರೆ ಎಂದುಕೊಂಡೆ. ಬಾಯಿಬಿಟ್ಟು ಹೇಳಲೂ ಹೊರಟಿದ್ದೆ. ಆದರೆ ಒಂದೇ ಒಂದು ಬೆರಳೂ ತಪ್ಪಿಡದ ಅವರ ಟೈಪಿಂಗ್ ನೆನಪಾಗಿ ತಡೆದೆ. ಕೋಷ್ಟಕದ ಕೊನೆಯ ಸಾಲಿನಲ್ಲಿ ಎಣಿಕೆ ಎಷ್ಟೆಂದು ಬರುತ್ತದಲ್ಲ, ಅದನ್ನು ನೋಡಿ ಎಂದೆ.

"ಒಂಬತ್ತು" ಎಂದರು.

"ಒಂಬತ್ತಾ? ಹತ್ತಿರಬೇಕಲ್ರಿ."

"ದಿನಾ ಒಂಬತ್ತೇ ಬರ್ತೈತ್ರಿ ಮೇಡಂ. ನೀವೇ ಹೇಳಿದ್ರಲ್ಲ, ಹತ್ತರಾಗ ಒಂದು ಕಳೀಬೇಕು ಅಂತ. ಅದೇ ಇರ್ಬೇಕು ಅಂದ್ಕಂಡೆ."

ಹನ್ನೊಂದು ದಿನ ತಪ್ಪು ತನ್ನ ಹೆಸರನ್ನು ತಾನೇ ಹೇಳಿಕೊಂಡು ಅವರ ಕಣ್ಣ ಮುಂದೆ ಹಾದುಹೋಗಿತ್ತು. ಅವರು ಅದನ್ನು ನೋಡಿಯೂ ಇದ್ದರು. ಮೇಡಂ ಹೇಳಿಕೊಟ್ಟ ಪಾಠವೇ ಅದು ಎಂದು ನಂಬಿ ಸುಮ್ಮನಿದ್ದರು.

ಫೈಲ್ ಕಳಿಸಲು ಹೇಳಿದೆ. ತೆರೆದೆ. ಸಾರಥಿಯ ಆ ಹೆಣ್ಣುಮಗಳ ಹೆಸರಿನ ಕೆಳಗೆ ಚೀಲದ ಕಾಲಂನಲ್ಲಿ 2, 3, 4 ಎಂದು ಹತ್ತರವರೆಗೆ ಇತ್ತು. ಎರಡರ ಮೇಲೆ, ಒಂದು ಇರಬೇಕಾದ ಜಾಗದಲ್ಲಿ, ಕನ್ನಡದಲ್ಲಿ ಬರೆದಿತ್ತು: ಲಾಭ.

ನಮ್ಮ ಮನೆಯಲ್ಲಿ ಅಮ್ಮ ಅಕ್ಕಿ ಅಳೆಯುವಾಗ ಇವತ್ತಿಗೂ ಒಂದು ಎನ್ನುವುದಿಲ್ಲ. ಲಾಭ ಎಂದು ಮೊದಲ ಸೇರು ಹಾಕಿ, ಆಮೇಲೆ ಎರಡು, ಮೂರು ಎನ್ನುತ್ತಾರೆ. ಕಾಳು ಅಳೆಯುವ ಯಾವ ಕಣದಲ್ಲೂ, ಯಾವ ಮಂಡಿಯಲ್ಲೂ ಎಣಿಕೆ ಶುರುವಾಗುವುದು ಹಾಗೇ. ಇಪ್ಪತ್ತು ವರ್ಷ ಚೀಲ ಎಣಿಸಿದ ಮನುಷ್ಯ ಶೀಟಿನಲ್ಲಿ ಇನ್ನೇನು ಬರೆದಾರು? ಅದನ್ನು ಕೇಳುತ್ತಲೇ ಬೆಳೆದ ನಾನು, ನನ್ನ ಪರೀಕ್ಷೆಯ ಫೈಲಿನಲ್ಲಿ 1 ಎಂದು ಬರೆದುಕೊಂಡಿದ್ದೆ. ಅಂಕಿ ಅಲ್ಲದ ಸಾಲನ್ನು ಸದ್ದಿಲ್ಲದೆ ದಾಟು ಎಂದು ಸ್ಕ್ರಿಪ್ಟಿಗೆ ಹೇಳಿದ್ದೂ ನಾನೇ. ಅದು ನಿಯತ್ತಾಗಿ ಪ್ರತಿ ರೈತನ ಮೊದಲ ಚೀಲವನ್ನು ದಾಟಿತ್ತು. ಅವರ ಹಳೆಯ ಸ್ಕ್ರಿಪ್ಟು ಚೀಲದ ಸಂಖ್ಯೆಯ ಗೊಡವೆಗೇ ಹೋಗುತ್ತಿರಲಿಲ್ಲ. ಒಂದು ವೇಳೆ ಅದರಲ್ಲಿ ಒಂದು ಅಂಕಿ ಬಿಟ್ಟುಹೋಗಿದ್ದರೂ, ಒಂಬತ್ತರ ಮೊತ್ತವನ್ನು ಹತ್ತರಿಂದ ಭಾಗಿಸಿ 15.39 ಎಂದು ಹೇಳುತ್ತಿತ್ತು. ಅದನ್ನು ನೋಡಿದ ಯಾರಿಗಾದರೂ ಅನುಮಾನ ಬರುತ್ತಿತ್ತು. ನಾನು ನಕ್ಕಿದ್ದ ಆ ಹತ್ತು ಕಾವಲಿಗೆ ನಿಂತಿತ್ತು.

ಮತ್ತೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ. ಅವರು, "ಹೋಗ್ಲಿ ಬಿಡ್ರಿ. ಸರಿ ಮಾಡಿದ ಫೈಲ್ ಕಳಿಸಿಬಿಡ್ರಿ ಸಾಕು. ನಾನೇ ತಪ್ಪು ಒತ್ತಿದ್ದೆ ಅಂತ ಹೇಳ್ತೀನಿ" ಎಂದರು.

ಒಂದು ಗಳಿಗೆ ನಾನು ಒಪ್ಪಿದೆ. ತಿದ್ದಲು ಎರಡು ನಿಮಿಷ ಸಾಕು, ಹರಿಹರದ ಗೋದಾಮಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಫೋನ್ ಇಡುವ ಮೊದಲು, ಹಾಗೆ ಹೇಳಿದರೆ ನಿಮಗೇನೂ ತೊಂದರೆ ಇಲ್ಲವಲ್ಲ ಎಂದು ಕೇಳಿದೆ. ಕೇಳದಿದ್ದರೆ ಅವರು ಹೇಳುತ್ತಿರಲಿಲ್ಲ.

"ಶನಿವಾರ ಮೀಟಿಂಗ್ ಐತ್ರಿ. ಹಮಾಲಿ ಮಾಡಿದವನಿಗೆ ಕಂಪ್ಯೂಟರ್ ಯಾಕ ಅಂತ ಒಬ್ರು ಅಂದಾರಂತೆ. ಮತ್ತೆ ಚೀಲದ ಕಡೆಗೆ ಹಾಕ್ಬಹುದು. ಹೊರೋದೇನು ಹೊಸದಲ್ಲ ಬಿಡ್ರಿ."

ಅವರ ಬೆನ್ನಿನ ಸ್ಥಿತಿ ನನಗೆ ಗೊತ್ತಿತ್ತು. ತರಗತಿಯಲ್ಲಿ ಗಂಟೆಗೊಮ್ಮೆ ಎದ್ದು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಶನಿವಾರ ನಾನೇ ಬರುತ್ತೇನೆ ಎಂದೆ.

ಶುಕ್ರವಾರ ಹನ್ನೊಂದೂ ದಿನದ ಫೈಲುಗಳನ್ನು ತರಿಸಿಕೊಂಡು ಮತ್ತೆ ಲೆಕ್ಕ ಹಾಕಿದೆ. ನಲವತ್ತಮೂರು ಮಂದಿ ರೈತರ ಭತ್ತ. ಎಲ್ಲದರಲ್ಲೂ ಎಣಿಕೆ ಒಂಬತ್ತೇ. ಹೆಚ್ಚಿನವರದು ಹದಿನೇಳಕ್ಕಿಂತ ಎಷ್ಟೋ ಕೆಳಗಿದ್ದುದರಿಂದ ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಕಾರಣಕ್ಕೇ ವಾಪಸ್ ಹೋದವರು ಮೂವರು. ಇಬ್ಬರು ಒಣಗಿಸಿ ಮತ್ತೆ ತಂದು ಹಾಕಿದ್ದರು. ಮೂರನೆಯವರು ಸಾರಥಿಯ ಹೆಣ್ಣುಮಗಳು.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತು, ಬಾತಿ ದಾಟುವವರೆಗೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಹರಿಹರ ಬರುವಷ್ಟರಲ್ಲಿ ಅದೆಲ್ಲ ಮರೆತುಹೋಗಿತ್ತು. ಗೋದಾಮಿನ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತ್ತು. ಅದರ ನೆರಳಲ್ಲಿ ಸೆರಗು ಹೊದ್ದು ಒಬ್ಬ ಹೆಣ್ಣುಮಗಳು ಕೂತಿದ್ದರು. ಅವರೇ ಎಂದು ಗುಮಾಸ್ತರು ಕಣ್ಣಲ್ಲೇ ತೋರಿಸಿದರು. ಎರಡು ದಿನ ನಾಲೆಯ ಏರಿಯ ಮೇಲೆ ಹರವಿ ಒಣಗಿಸಿ ಭತ್ತ ಮತ್ತೆ ತಂದಿದ್ದರು.

ಒಳಗೆ ಅಧ್ಯಕ್ಷರು, ಹಣೆಗೆ ವಿಭೂತಿ ಹಚ್ಚಿದ ಎತ್ತರದ ಮನುಷ್ಯ, "ಬರ್ರಿ ಮೇಡಂ, ಕೂಡ್ರಿ" ಎಂದು ಚಹಾ ಹೇಳಿದರು. ಇನ್ನು ನಾಲ್ಕೈದು ನಿರ್ದೇಶಕರು ಸುತ್ತ ಕೂತಿದ್ದರು. ನಾನು ಲ್ಯಾಪ್‌ಟಾಪ್ ತೆರೆಯುವ ಮೊದಲೇ ಹೇಳಿಬಿಟ್ಟೆ: ಇವರು ಬರೆದ ಸ್ಕ್ರಿಪ್ಟು ಸರಾಸರಿಯನ್ನು ಸರಿಯಾಗಿಯೇ ಹೇಳುತ್ತಿತ್ತು, ಅದನ್ನು ಕೆಡಿಸಿದವಳು ನಾನು. ಆಮೇಲೆ ಫೈಲನ್ನು ತೋರಿಸಿ, ಲಾಭ ಎಂಬ ಸಾಲು ಹೇಗೆ ಬಿಟ್ಟುಹೋಯಿತೆಂದು ವಿವರಿಸಿದೆ. ಒಬ್ಬ ನಿರ್ದೇಶಕರು ಗಟ್ಟಿಯಾಗಿ ನಕ್ಕರು. ಅಧ್ಯಕ್ಷರು ನಗಲಿಲ್ಲ.

"ಮೊದಲ್ನೇ ಚೀಲಾನೇ ಬಿಟ್ಟೈತಾ? ಅದು ರೈತನ ಚೀಲ ಅಲ್ಲೇನ್ರಿ ಮೇಡಂ!"

ಆಗ ತಿಳಿದದ್ದು. ಹತ್ತರಲ್ಲಿ ಮೊದಲ ಚೀಲವನ್ನು ಭತ್ತ ತಂದವರೇ ಮುಟ್ಟಿ ತೋರಿಸುತ್ತಾರೆ. ಉಳಿದ ಒಂಬತ್ತು ಗುಮಾಸ್ತರ ಆಯ್ಕೆ. 15.2 ಯಾಕೆ ಅಷ್ಟು ಕೆಳಗಿತ್ತು ಎಂಬುದಕ್ಕೂ ಉತ್ತರ ಸಿಕ್ಕಿತು. ಯಾರಾದರೂ ತಮ್ಮಲ್ಲಿ ಚೆನ್ನಾಗಿ ಒಣಗಿದ್ದನ್ನೇ ಅಲ್ಲವೇ ಮುಟ್ಟುವುದು? ನನ್ನೊಳಗಿನ ಪಾಠ ಹೇಳುವ ಹೆಂಗಸು ಇಂಥ ಹೊತ್ತಲ್ಲೂ ಸುಮ್ಮನಿರಲಿಲ್ಲ. ಬೇಕೆಂದೇ ಆರಿಸಿದ ಚೀಲ ಸೇರಿದರೆ ಮಾದರಿ ಒಂದು ಕಡೆಗೆ ವಾಲುತ್ತದೆ, ಹತ್ತರ ಮಧ್ಯಕ ನೋಡಿದರೆ 17.05 ಬರುತ್ತದೆ ಎಂದೂ ಹೇಳಿದೆ. ಮುಚ್ಚಿಡುವುದು ಸರಿಯಲ್ಲ ಅನಿಸಿತು.

ಉತ್ತರ ಕೊಟ್ಟವರು ಗುಮಾಸ್ತರು. ಅಲ್ಲಿಯವರೆಗೆ ಬಾಗಿಲ ಹತ್ತಿರ ನಿಂತೇ ಇದ್ದರು.

"ಇರಬಹುದ್ರಿ ಮೇಡಂ. ಆದ್ರೆ ಒಂಬತ್ತು ಚೀಲ ನಮ್ಮ ಮಾತು, ಒಂದು ಚೀಲ ಅವ್ರ ಮಾತು. ಗೋಡೆ ಮ್ಯಾಲೆ ಹತ್ತರ ಸರಾಸರಿ ಅಂತ ಬರ್ದು, ಅವ್ರ ಮಾತು ಬಿಟ್ಟು ಲೆಕ್ಕ ಮಾಡಿದ್ರೆ ಹೆಂಗ?"

ಅಧ್ಯಕ್ಷರು ತಲೆ ಆಡಿಸಿದರು. ನಿಯಮ ಬದಲಿಸಬೇಕಿದ್ದರೆ ಮುಂದಿನ ಸುಗ್ಗಿಗೆ ಎಲ್ಲ ಊರಿಗೂ ಹೇಳಿ ಬದಲಿಸೋಣ, ಈಗ ಗೋಡೆಯ ಮೇಲೆ ಇದ್ದದ್ದೇ ಲೆಕ್ಕ ಎಂದರು. ಒಣಗಿಸಿದ ಭತ್ತದ ತೂಕ ಇಳಿದಿರುತ್ತದಾದ್ದರಿಂದ, ವಾಪಸ್ ಹೋದ ಮೂವರಿಗೂ ಮೊದಲ ದಿನದ ತೂಕವನ್ನೇ ಹಿಡಿಯಬೇಕೆಂದೂ ಆಯಿತು. ಆಮೇಲೆ ನನ್ನ ಕಡೆ ತಿರುಗಿ, "ಇನ್ನು ಈ ಕಂಪ್ಯೂಟರ್ ಲೆಕ್ಕ ಬ್ಯಾಡ ಬಿಡ್ರಿ, ಕ್ಯಾಲ್ಕುಲೇಟರೇ ಇರ್ಲಿ" ಎಂದರು.

ತಿದ್ದಿದ ಸ್ಕ್ರಿಪ್ಟು ನನ್ನ ಬಳಿ ಸಿದ್ಧವಾಗಿತ್ತು. ತೋರಿಸಿ ಅವರನ್ನು ಒಪ್ಪಿಸಬಹುದಿತ್ತು. ಆದರೆ ಎರಡನೆಯ ಸಲವೂ ನಾನೇ ತಿದ್ದಿ ಕೊಟ್ಟರೆ, ಅದು ಮತ್ತೆ ಅವರಿಗೆ ಅರ್ಥವಾಗದ ನನ್ನ ವಸ್ತುವಾಗುತ್ತದೆ. ಲ್ಯಾಪ್‌ಟಾಪನ್ನು ಗುಮಾಸ್ತರ ಕಡೆ ತಿರುಗಿಸಿದೆ. "ನೀವೇ ಸರಿ ಮಾಡ್ರಿ. ನಾನು ಬಾಯಿ ಹಾಕಲ್ಲ."

ಅವರು ಕೂತರು. ಎರಡು ಬೆರಳು. ನಿರ್ದೇಶಕರೆಲ್ಲ ಸುತ್ತ ನಿಂತರು. ಲಾಭ ಅಂತ ಯಾಕೆ, ಒಂದು ಅಂತ ಹಾಕಿದರಾಯಿತಲ್ಲ ಎಂದು ಒಬ್ಬರು ದಾರಿ ತೋರಿಸಿದರು.

"ಹಾಕ್ಬಹುದ್ರಿ. ನಾಳೆ ಈ ಮೇಜಿಗೆ ಬಂದವ್ರು ಮತ್ತೆ ಲಾಭ ಅಂತ ಹಾಕಿದ್ರೆ?" ಎಂದು ಟೈಪ್ ಮಾಡುತ್ತಲೇ ಇದ್ದರು.

ನನ್ನ ನಿಯಮವನ್ನು ತೆಗೆದು, ಚೀಲದ ಸಂಖ್ಯೆಯ ಬದಲು ಮೀಟರಿನ ಅಂಕಿ ಇದೆಯೇ ಎಂದು ನೋಡುವಂತೆ ಮಾಡಿದರು. ಬಿಟ್ಟ ಸಾಲುಗಳನ್ನೆಲ್ಲ ಪರದೆಯ ಮೇಲೆ ಬರೆದು ತೋರಿಸುವಂತೆ ಮಾಡಿದರು. ಇಷ್ಟು ನನ್ನ ತಿದ್ದುಪಡಿಯಲ್ಲೂ ಇತ್ತು. ಮೂರನೆಯದು ಇರಲಿಲ್ಲ. ಒಬ್ಬ ರೈತನ ಎಣಿಕೆ ಹತ್ತು ಆಗದಿದ್ದರೆ ಸ್ಕ್ರಿಪ್ಟು ಸರಾಸರಿಯನ್ನೇ ಹೇಳಬಾರದು, ಎಷ್ಟು ಸಿಕ್ಕಿತೆಂದು ಹೇಳಿ ನಿಂತುಬಿಡಬೇಕು. ನಾನು ಕಸವೆಂದು ಗುಡಿಸಿದ್ದ ಹತ್ತನ್ನು ಅವರು ವಾಪಸ್ ತಂದು ಬಾಗಿಲಲ್ಲೇ ನಿಲ್ಲಿಸಿದರು. ಸೋಮವಾರದ ಫೈಲ್ ಓಡಿಸಿದಾಗ 16.91 ಬಂತು. ಅಧ್ಯಕ್ಷರು ಅವರ ಹೆಗಲ ಮೇಲೆ ಕೈಯಿಟ್ಟರು. ಕ್ಯಾಲ್ಕುಲೇಟರಿನ ಮಾತು ಮತ್ತೆ ಬರಲಿಲ್ಲ.

ಹೊರಗೆ ಹೋಗಿ ಆ ಹೆಣ್ಣುಮಗಳ ಮುಂದೆ ನಿಂತು, ನೀವು ಮುಟ್ಟಿದ ಚೀಲ ಬಿಟ್ಟು ಕಂಪ್ಯೂಟರ್ ಒಂಬತ್ತೇ ಎಣಿಸಿತ್ತು, ತಪ್ಪು ನನ್ನದು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನೇನವ್ವ ಆ ಮೇಡಂ? ನಾನು ಈತನ್ನ ಬೈಕಂಡು ತಿರುಗ್ದೆ" ಎಂದು ಗುಮಾಸ್ತರ ಕಡೆ ತಿರುಗಿದರು. "ತಮ್ಮಾ, ನೀನಾರ ಹೇಳಬಾರ್ದಿತ್ತಾ?"

ಗುಮಾಸ್ತರು ಕೊಳವೆ ಒರೆಸುತ್ತ, "ಅಕ್ಕಾರೆ, ಚೀಲ ಮುಟ್ರಿ" ಎಂದರು.

"ನಾನು ಮುಟ್ಟಲ್ಲ. ಈಕೆ ಮುಟ್ಲಿ. ಈಕೆ ಕೈಲೆ ಕೆಟ್ಟಿದ್ದು ಈಕೆ ಕೈಲೆ ಸರಿಯಾಗ್ಲಿ."

ಎಷ್ಟೋ ವರ್ಷಗಳಿಂದ ಯಾದೃಚ್ಛಿಕ ಆಯ್ಕೆಯ, ಅಂದರೆ ಕಣ್ಣುಮುಚ್ಚಿ ಆರಿಸುವುದರ ಬಗ್ಗೆ ಪಾಠ ಮಾಡಿದವಳು ನಾನು. ಆದರೂ ಒಂದೊಂದೇ ಚೀಲ ನೋಡುತ್ತ, ಆಕೆಯ ಪರವಾಗಿ ಒಣಗಿದ್ದನ್ನೇ ಹುಡುಕಿದೆ. ಒಂದರ ಮೇಲೆ ಕೈಯಿಟ್ಟೆ. ಗುಮಾಸ್ತರು ಕೊಳವೆ ಚುಚ್ಚಿ, ಕಾಳು ತೆಗೆದು, ಮೀಟರಿಗೆ ಹಾಕಿ, "ಲಾಭ" ಎಂದು ಕೂಗಿ ಮೊಬೈಲಿನಲ್ಲಿ ಬರೆದರು. ಉಳಿದ ಒಂಬತ್ತನ್ನು ಅವರು ನೋಡಿದರು. ಎಲ್ಲರೂ ಕಂಪ್ಯೂಟರಿನ ಮುಂದೆ ಬಂದೆವು. ಸರಾಸರಿ ಹದಿನೇಳಕ್ಕಿಂತ ಸಾಕಷ್ಟು ಕೆಳಗೆ ಬಂತು. ನಾನು ಅದನ್ನು ಓದಿ ಹೇಳಹೊರಟೆ. ಆ ಹೆಣ್ಣುಮಗಳು ಕೈ ಅಡ್ಡ ಹಿಡಿದು ಗುಮಾಸ್ತರನ್ನು ಕೇಳಿದರು:

"ಅದಿರ್ಲಿ. ಎಷ್ಟು ಎಣಿಸ್ತು ಹೇಳು."

"ಹತ್ತು, ಅಕ್ಕಾರೆ."

"ಹಂಗಾದ್ರೆ ಇಳಿಸ್ಕಳ್ರಿ" ಎಂದು ಅವರು ಟ್ರ್ಯಾಕ್ಟರಿನ ಕಡೆ ನಡೆದರು.